ಐಸ್, ಮಣ್ಣು, ಬಳಪ ತಿನ್ನುವ ಆಸೆ ಬಿಡುತ್ತಿಲ್ಲವೇ? ಒಂದೊಂದೇ ಹೆಜ್ಜೆ ಹೀಗಿಡಿ

ನಾನು ಸುಮಾರು ಒಂದೂವರೆ ವರ್ಷ ಐಸ್ ತಿಂದೆ. ಸೆಕೆಗೆ ತಣ್ಣಗಾಗಲಿ ಅಂತ ಒಂದೆರಡು ತುಂಡು ಬಾಯಿಗೆ ಹಾಕಿಕೊಳ್ಳುತ್ತಾರಲ್ಲ, ಹಾಗಲ್ಲ. ದಿನಕ್ಕೆ ಮೂರು ನಾಲ್ಕು ಟ್ರೇ. ರಾತ್ರಿ ಎದ್ದು, ಫ್ರಿಜ್ ಬಾಗಿಲು ಸದ್ದಾಗದ ಹಾಗೆ ತೆಗೆದು, ಕತ್ತಲಲ್ಲೇ ನಿಂತು ಕಟಕಟ ಕಡಿಯುತ್ತಿದ್ದೆ. ನಡುನಡುವೆ ಬಳಪ. ಅದನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತಿದ್ದೆ, ಯಾರಾದರೂ ನೋಡಿದರೆ ಏನು ಸುಳ್ಳು ಹೇಳಬೇಕು ಅನ್ನೋದನ್ನೂ ಯೋಚಿಸಿಟ್ಟಿದ್ದೆ. ಆ ದಿನಗಳಲ್ಲೇ ಸುಸ್ತು ಅಂತ ಎರಡು ಸಲ ವೈದ್ಯರ ಹತ್ತಿರ ಹೋಗಿದ್ದೆ. ಐಸ್ ವಿಷಯ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ, ವಿಟಮಿನ್ ಮಾತ್ರೆ ಬರೆದುಕೊಟ್ಟು ಕಳಿಸಿದರು. ಕೊನೆಗೆ ಕೇಳಿದವರು ಹಲ್ಲಿನ ವೈದ್ಯರು. ದವಡೆ ಹಲ್ಲು ಬಿರುಕು ಬಿಟ್ಟಿತ್ತು. "ಐಸ್ ಕಡಿಯುತ್ತೀರಾ?" ಅಂದರು. ಹೌದು ಅಂದೆ. "ಮೊದಲು ರಕ್ತ ಪರೀಕ್ಷೆ ಮಾಡಿಸಿ" ಅಂದರು. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ತುಂಬ ಕಡಿಮೆ, ಬರೀ 5 ಇತ್ತು. ಕಬ್ಬಿಣದ ಮಾತ್ರೆ ಶುರು ಮಾಡಿ ಎರಡು ವಾರ ಆಗುವಷ್ಟರಲ್ಲಿ ಐಸ್ ಟ್ರೇ ಕಣ್ಣೆದುರಿಗಿದ್ದರೂ ಕೈ ಹೋಗುತ್ತಿರಲಿಲ್ಲ.

ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸ್ವಲ್ಪ ಮುಜುಗರವೇ. ಆದರೆ ಅದೇ ಮುಜುಗರದಿಂದ ಒಂದೂವರೆ ವರ್ಷ ಹೋಯಿತು, ಒಂದು ಹಲ್ಲೂ ಹೋಯಿತು. ಈ ಆಸೆ ಇರುವವರು ಮೊದಲು ಹುಡುಕುವುದು "ಇದನ್ನು ಬಿಡೋದು ಹೇಗೆ" ಅಂತ. ಮನೆಯವರು ಹುಡುಕುವುದು "ಬಿಡಿಸೋದು ಹೇಗೆ" ಅಂತ. ಆ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಯಾಕೆ ಬಂತು ಅಂತ ಗೊತ್ತಾಗದೆ ಬಿಡಲು ಹೊರಟರೆ ದಿನವಿಡೀ ಮನಸ್ಸಿನ ಜೊತೆ ಗುದ್ದಾಟವಷ್ಟೇ ಆಗುತ್ತದೆ. ಕಾರಣ ಸಿಕ್ಕರೆ ಎಷ್ಟೋ ಜನರಿಗೆ ಆ ಗುದ್ದಾಟವೇ ಬೇಕಾಗುವುದಿಲ್ಲ. ಕೆಳಗಿನ ಹೆಜ್ಜೆಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ.

ಹೆಜ್ಜೆ 1: ಇದು ಅದೇನಾ ಅಂತ ನೋಡಿಕೊಳ್ಳಿ

ವೈದ್ಯರು ಇದಕ್ಕೆ ಪೈಕಾ ಅನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಅದು ಮ್ಯಾಗ್‌ಪೈ ಎಂಬ ಹಕ್ಕಿಯ ಹೆಸರು. ಕಂಡದ್ದನ್ನೆಲ್ಲ ಕೊಕ್ಕಿಗೆ ಹಾಕಿಕೊಳ್ಳುವ ಹಕ್ಕಿ ಅಂತ ಹಿಂದಿನವರು ನಂಬಿದ್ದರು. ಹೆಸರು ಹೊಸದು ಅನ್ನಿಸಬಹುದು, ವಿಷಯ ತುಂಬ ಹಳೆಯದು. ಬಸುರಿಯರಿಗೆ ಮಣ್ಣು, ಇದ್ದಿಲು ತಿನ್ನುವ ಆಸೆ ಬರುವುದನ್ನು ಹಿಪೊಕ್ರೆಟಿಸ್ ಹೆಸರಿನಲ್ಲಿ ಉಳಿದಿರುವ ಪ್ರಾಚೀನ ಗ್ರೀಕ್ ವೈದ್ಯ ಬರಹಗಳಲ್ಲೇ ಹೇಳಿದೆ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ, ಆಹಾರವಲ್ಲದ, ಪೋಷಣೆಯೂ ಇಲ್ಲದ ವಸ್ತುವನ್ನು ಕನಿಷ್ಠ ಒಂದು ತಿಂಗಳು ಬಿಡದೆ ತಿನ್ನುತ್ತಿದ್ದರೆ ಅದು ಪೈಕಾ. ಎರಡು ವರ್ಷದೊಳಗಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದು ಇದಕ್ಕೆ ಸೇರುವುದಿಲ್ಲ, ಆ ವಯಸ್ಸಿನಲ್ಲಿ ಮಕ್ಕಳು ಲೋಕವನ್ನು ತಿಳಿಯುವುದೇ ಬಾಯಿಯಿಂದ. ಒಂದು ಸಮುದಾಯದಲ್ಲಿ ಎಲ್ಲರೂ ಒಪ್ಪಿಕೊಂಡ ರೂಢಿಯಾಗಿದ್ದರೂ ಅದನ್ನು ಕಾಯಿಲೆ ಅನ್ನುವುದಿಲ್ಲ, ಆದರೂ ಮಣ್ಣಿನಲ್ಲಿ ಹುಳವೋ ಸೀಸವೋ ಇದ್ದರೆ ರೂಢಿ ಅಂತ ಅದೇನೂ ಸುಮ್ಮನಿರುವುದಿಲ್ಲ.

ಜನ ತಿನ್ನುವ ವಸ್ತುಗಳ ಪಟ್ಟಿ ದೊಡ್ಡದು. ಮಣ್ಣು, ಜೇಡಿ, ಬಳಪ, ಸೀಮೆಸುಣ್ಣ, ಇದ್ದಿಲು, ಬೂದಿ, ಗೋಡೆಯಿಂದ ಎದ್ದ ಬಣ್ಣದ ಚಕ್ಕೆ, ಕಾಗದ, ಸ್ಪಂಜು, ಬಟ್ಟೆಯ ದಾರ, ಕೂದಲು, ಸೋಪು, ಕಲ್ಲು. ಬೇಯಿಸದ ಅಕ್ಕಿ ಮತ್ತು ಒಣ ಹಿಟ್ಟು ತಿನ್ನುವವರನ್ನೂ, ಐಸ್ ತಿನ್ನುವವರನ್ನೂ ವೈದ್ಯರು ಇದೇ ಗುಂಪಿನಲ್ಲಿ ನೋಡುತ್ತಾರೆ. ಕೆಲವರಿಗೆ ತಿನ್ನುವುದಲ್ಲ, ಪೆಟ್ರೋಲ್, ಸೋಪಿನ ಪುಡಿ, ಒದ್ದೆ ಸಿಮೆಂಟ್ ಇಂಥವುಗಳ ವಾಸನೆಯನ್ನೇ ಮತ್ತೆ ಮತ್ತೆ ಎಳೆದುಕೊಳ್ಳಬೇಕು ಅನ್ನಿಸುತ್ತದೆ. ಕಬ್ಬಿಣ ಕಡಿಮೆ ಇರುವವರಲ್ಲಿ ಇದೂ ಕಂಡುಬಂದಿದೆ. ಹಾಗಾಗಿ "ನಾನು ತಿನ್ನುತ್ತಿಲ್ಲವಲ್ಲ, ಮೂಸುತ್ತೇನೆ ಅಷ್ಟೇ" ಅಂತ ಇದನ್ನು ಬದಿಗಿಡಬೇಡಿ.

ಹೆಜ್ಜೆ 2: ತಿನ್ನುತ್ತಿರುವುದು ಎಷ್ಟು ಅಪಾಯದ್ದು ಅಂತ ಇವತ್ತೇ ತೀರ್ಮಾನಿಸಿ

ಕಾರಣ ಹುಡುಕಲು ವಾರಗಳು ಬೇಕು. ಆದರೆ ಕೆಲವು ವಸ್ತುಗಳ ವಿಷಯದಲ್ಲಿ ನಿಮಗೆ ಗಂಟೆಗಳೂ ಇರುವುದಿಲ್ಲ.

ಗುಂಡಿಯಂಥ ಚಪ್ಪಟೆ ಬ್ಯಾಟರಿ ನುಂಗಿದ್ದರೆ, ನುಂಗಿರಬಹುದು ಅಂತ ಅನುಮಾನ ಇದ್ದರೂ ಸಾಕು, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡುತ್ತದೆ. ಒಂದಕ್ಕಿಂತ ಹೆಚ್ಚು ಅಯಸ್ಕಾಂತ ನುಂಗಿದ್ದರೂ ಹಾಗೆಯೇ: ಕರುಳಿನ ಎರಡು ಮಡಿಕೆಗಳ ನಡುವೆ ಅವು ಒಂದನ್ನೊಂದು ಎಳೆದು ಹಿಡಿದು ಗೋಡೆಯನ್ನೇ ತೂತು ಮಾಡಬಲ್ಲವು. ಗಾಜು, ಮೊಳೆ, ಸೂಜಿ, ನುಸಿಗುಳಿಗೆ, ಶುಚಿ ಮಾಡುವ ರಾಸಾಯನಿಕ, ಯಾರದೋ ಮಾತ್ರೆ, ಇವೂ ತುರ್ತೇ. ವಾಂತಿ ಮಾಡಿಸಲು ಹೋಗಬೇಡಿ. ಒಳಗೆ ಹೋಗುವಾಗ ಸುಟ್ಟದ್ದು ಅಥವಾ ಗೀರಿದ್ದು ಹೊರಬರುವಾಗ ಇನ್ನೊಂದು ಸಲ ಅದೇ ಮಾಡುತ್ತದೆ. ಅಂಥದೇ ಇನ್ನೊಂದು ವಸ್ತುವೋ ಅದರ ಪೊಟ್ಟಣವೋ ಮನೆಯಲ್ಲಿದ್ದರೆ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ವೈದ್ಯರಿಗೆ ಅದರಿಂದ ಬಹಳ ಸಮಯ ಉಳಿಯುತ್ತದೆ.

ಏನು ತಿಂದಿದ್ದರೂ ಸರಿ, ಬಿಡದ ಹೊಟ್ಟೆನೋವು, ಹೊಟ್ಟೆ ಉಬ್ಬರ, ಮತ್ತೆ ಮತ್ತೆ ವಾಂತಿ, ಮಲ ಮತ್ತು ಗಾಳಿ ಎರಡೂ ಹೋಗದಿರುವುದು, ಮಲದಲ್ಲಿ ರಕ್ತ, ಉಸಿರಾಡಲು ಕಷ್ಟ, ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಅನ್ನಬೇಡಿ. ಕರುಳು ಕಟ್ಟಿಕೊಂಡಿರಬಹುದು.

ಇನ್ನು ಸದ್ದಿಲ್ಲದೆ ಕೆಡಿಸುವವು ಇವೆ. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಸೀಸದ್ದು. ಹಳೆಯ ಬಣ್ಣದ ಚಕ್ಕೆಯಲ್ಲಿ, ಅದರ ಧೂಳು ಬಿದ್ದ ಮಣ್ಣಿನಲ್ಲಿ, ಕೆಲವು ಜಾಗಗಳ ಜೇಡಿಮಣ್ಣಿನಲ್ಲಿ ಅದು ಇರುತ್ತದೆ. ಸೀಸ ಬೆರೆತ ಬಣ್ಣಕ್ಕೆ ಸ್ವಲ್ಪ ಸಿಹಿ ರುಚಿ ಇರುವುದರಿಂದ ಮಕ್ಕಳು ಮತ್ತೆ ಮತ್ತೆ ಅದನ್ನೇ ಕೆರೆದು ತಿನ್ನುತ್ತಾರೆ. ಮಕ್ಕಳ ಮಿದುಳಿಗೆ ಸೀಸ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಅದಕ್ಕಿಂತ ಸಂಕಟದ ವಿಷಯ ಇನ್ನೊಂದಿದೆ: ದೇಹದಲ್ಲಿ ಕಬ್ಬಿಣ ಕಡಿಮೆ ಇದ್ದಾಗ ಕರುಳು ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಅಂದರೆ ಮಣ್ಣು ತಿನ್ನುವ ಆಸೆ ಹುಟ್ಟಿಸಿದ ಕೊರತೆಯೇ ಆ ಮಣ್ಣಿನ ವಿಷಕ್ಕೂ ಬಾಗಿಲು ತೆರೆದುಕೊಡುತ್ತದೆ.

ಮಣ್ಣಿನಲ್ಲಿ ಜಂತುಹುಳದ ಮೊಟ್ಟೆಗಳಿರುತ್ತವೆ. ನಾಯಿ, ಬೆಕ್ಕಿನ ಮಲ ಬಿದ್ದ ಮಣ್ಣಿನಿಂದ ಬರುವ ಟಾಕ್ಸೊಕಾರಾ ಹುಳದ ಮರಿಗಳು ಕಣ್ಣಿನವರೆಗೂ ಹೋಗಬಲ್ಲವು. ಬೆಕ್ಕಿನ ಮಲದಿಂದ ಬರುವ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಜೇಡಿಮಣ್ಣು ಹೊಟ್ಟೆಯೊಳಗೆ ಕಬ್ಬಿಣವನ್ನೂ ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಜಾಸ್ತಿ ತಿಂದರೆ ರಕ್ತದ ಪೊಟ್ಯಾಸಿಯಂ ಇಳಿದು ಕೈಕಾಲು ಸೋತುಹೋದ ಉದಾಹರಣೆಗಳೂ ಇವೆ. ಇವೆಲ್ಲಕ್ಕೆ ಹೋಲಿಸಿದರೆ ಐಸ್, ಕಾಗದದ ಚೂರು ಅಷ್ಟು ಅಪಾಯದವಲ್ಲ. ಐಸ್ ಹಲ್ಲನ್ನು ಒಡೆಯುತ್ತದೆ, ಅಷ್ಟೇ. ಅದರ ಹಿಂದೆ ಏನಿದೆ ಅನ್ನೋದು ಮಾತ್ರ ಅಷ್ಟೇ ಅಂತ ಬಿಡುವ ವಿಷಯವಲ್ಲ.

ಹೆಜ್ಜೆ 3: ಒಂದು ವಾರ ಬರೆದಿಡಿ

ಚಿಕ್ಕ ಪುಸ್ತಕವೋ ಫೋನೋ, ಯಾವುದಾದರೂ ಸರಿ. ಏನು ತಿಂದಿರಿ, ಎಷ್ಟು, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ತಿಂದ ಮೇಲೆ ಹೇಗನಿಸಿತು. ಈ ವಾರ ಬಿಡಲು ಪ್ರಯತ್ನಿಸಬೇಡಿ (ಎರಡನೇ ಹೆಜ್ಜೆಯ ಅಪಾಯದ ವಸ್ತುಗಳಾದರೆ ಈ ಮಾತು ಅನ್ವಯಿಸುವುದಿಲ್ಲ, ಅವನ್ನು ಇವತ್ತೇ ಕೈಗೆ ಸಿಗದ ಹಾಗೆ ಮಾಡಿ). ಒಳ್ಳೆಯದು ಕೆಟ್ಟದ್ದು ಅಂತ ತೀರ್ಪನ್ನೂ ಬರೆಯಬೇಡಿ, ನಡೆದದ್ದನ್ನು ಮಾತ್ರ ಬರೆಯಿರಿ.

ವಾರ ಕಳೆದ ಮೇಲೆ ಓದಿದರೆ ಒಂದು ಆಕಾರ ಕಾಣುತ್ತದೆ. ನನ್ನದರಲ್ಲಿ ಸಮಯಕ್ಕೂ ಮನಸ್ಸಿಗೂ ಏನೂ ಸಂಬಂಧ ಕಾಣಲಿಲ್ಲ. ಖುಷಿಯಲ್ಲೂ ಬೇಜಾರಿನಲ್ಲೂ ಐಸ್ ಬೇಕಿತ್ತು, ಅದರ ಜೊತೆಗೆ ಮೆಟ್ಟಿಲು ಹತ್ತಿದರೆ ಏದುಸಿರು, ತಲೆಗೂದಲು ಉದುರುವುದು, ಉಗುರು ಸೀಳುವುದು ಇತ್ತು. ನಿಮ್ಮದರಲ್ಲಿ ಜಗಳ ಆದ ಸಂಜೆಗಳಲ್ಲಿ ಮಾತ್ರ, ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ, ಒಬ್ಬರೇ ಕೂತು ಟಿವಿ ನೋಡುವಾಗ ಮಾತ್ರ ಅಂತ ಬಂದರೆ ಅದು ಬೇರೆ ದಾರಿ ತೋರಿಸುತ್ತದೆ. ವೈದ್ಯರ ಹತ್ತಿರ ಹೋಗುವಾಗ ಈ ಹಾಳೆ ಜೊತೆಗಿರಲಿ. ಬಾಯಿ ಬಿಟ್ಟು ಹೇಳಲು ಆಗದಿದ್ದರೆ ಸುಮ್ನೆ ಕೈಗೆ ಕೊಟ್ಟುಬಿಡಿ.

ಹೆಜ್ಜೆ 4: ವೈದ್ಯರಿಗೆ ವಸ್ತುವಿನ ಹೆಸರನ್ನೇ ಹೇಳಿ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು, ಇಲ್ಲೇ ಜಾಸ್ತಿ ಜನ ನಿಂತುಬಿಡುತ್ತಾರೆ. "ಏನೇನೋ ತಿನ್ನಬೇಕು ಅನ್ನಿಸುತ್ತೆ ಡಾಕ್ಟ್ರೇ" ಅಂದರೆ ಅವರು ಸಿಹಿ, ಕರಿದದ್ದು ಅಂದುಕೊಂಡು ಪಥ್ಯ ಹೇಳಿ ಕಳಿಸುತ್ತಾರೆ. ಹೀಗೆ ಹೇಳಿ: "ಎರಡು ತಿಂಗಳಿಂದ ದಿನಾ ಮಣ್ಣು ತಿನ್ನುತ್ತಿದ್ದೇನೆ, ಬಿಡಲು ಆಗುತ್ತಿಲ್ಲ, ಕಬ್ಬಿಣ ಮತ್ತು ಸೀಸ ನೋಡಬೇಕಾ?" ಒಂದೇ ವಾಕ್ಯ. ಮನೆಯಲ್ಲಿ ಒಂದೆರಡು ಸಲ ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಂಡು ಹೋಗಿ. ಅವರು ನಕ್ಕರೆ ಅಥವಾ ಗದರಿದರೆ ತಪ್ಪು ನಿಮ್ಮದಲ್ಲ, ಇನ್ನೊಬ್ಬ ವೈದ್ಯರನ್ನು ನೋಡಿ.

ಸಾಮಾನ್ಯವಾಗಿ ಬೇಕಾಗುವ ಪರೀಕ್ಷೆಗಳು ಇವು: ರಕ್ತಕಣಗಳ ಪೂರ್ಣ ಎಣಿಕೆ, ಫೆರಿಟಿನ್, ಕೆಲವೊಮ್ಮೆ ಸತು. ಮಣ್ಣು, ಬಣ್ಣ, ಜೇಡಿ ತಿನ್ನುವವರಿಗೆ ರಕ್ತದ ಸೀಸದ ಮಟ್ಟ ಮತ್ತು ಮಲ ಪರೀಕ್ಷೆ. ಹೊಟ್ಟೆನೋವಿದ್ದರೆ ಎಕ್ಸ್‌ರೇ ಅಥವಾ ಸ್ಕ್ಯಾನ್.

ಇದರಲ್ಲಿ ಫೆರಿಟಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಹಿಮೋಗ್ಲೋಬಿನ್ ಅಂದರೆ ಕೈಯಲ್ಲಿ ಓಡಾಡುವ ದುಡ್ಡು ಇದ್ದ ಹಾಗೆ, ಫೆರಿಟಿನ್ ಅಂದರೆ ಪೆಟ್ಟಿಗೆಯಲ್ಲಿ ಕೂಡಿಟ್ಟದ್ದು. ಪೆಟ್ಟಿಗೆ ಪೂರ್ತಿ ಖಾಲಿ ಆಗುವವರೆಗೂ ಕೈಯಲ್ಲಿ ದುಡ್ಡು ಓಡಾಡುತ್ತಲೇ ಇರುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ಸರಿಯಾಗಿದ್ದೂ ಕಬ್ಬಿಣದ ಕೊರತೆ ಇರಬಹುದು, ಐಸ್ ಆಸೆ ಆ ಹಂತದಲ್ಲೇ ಶುರುವಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆರೋಗ್ಯವಂತ ವಯಸ್ಕರಿಗೆ ಫೆರಿಟಿನ್ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ, ಎಷ್ಟೋ ವೈದ್ಯರು 30ಕ್ಕಿಂತ ಕಡಿಮೆ ಇದ್ದರೇ ಔಷಧಿ ಕೊಡುತ್ತಾರೆ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳಾಗಿ ಮೇಲೇರುತ್ತದೆ, ಆದ್ದರಿಂದ ಜ್ವರ ಇರುವಾಗ ಮಾಡಿಸಿದ ವರದಿಯನ್ನು ನಂಬಿ ಕೂರಬೇಡಿ.

ಬಳಪ, ಸುಣ್ಣ ತಿನ್ನುವವರಿಗೆ ಸುತ್ತಲಿನವರು "ಕ್ಯಾಲ್ಸಿಯಂ ಕಮ್ಮಿ ಆಗಿದೆ, ಅದಕ್ಕೇ ಮೈ ಕೇಳ್ತಿದೆ" ಅನ್ನುತ್ತಾರೆ. ನಾನೂ ಅದನ್ನೇ ನಂಬಿ ಕ್ಯಾಲ್ಸಿಯಂ ಮಾತ್ರೆ ನುಂಗಿದ್ದೆ. ಪೈಕಾ ಜೊತೆ ಮತ್ತೆ ಮತ್ತೆ ಕಾಣುವ ಕೊರತೆ ಕಬ್ಬಿಣದ್ದು, ಆಮೇಲೆ ಸತುವಿನದು. ಐಸಿನಲ್ಲಿ ಕಬ್ಬಿಣವೂ ಇಲ್ಲ, ಕ್ಯಾಲ್ಸಿಯಂ ಕೂಡ ಇಲ್ಲ, ಆದರೂ ಕಬ್ಬಿಣ ಇಳಿದವರೇ ಅದಕ್ಕಾಗಿ ಹಾತೊರೆಯುತ್ತಾರೆ. ಅಂದರೆ ಬೇಕಾದ ಲವಣವನ್ನು ಮೈ ತಾನೇ ಹುಡುಕಿ ತಿನ್ನುತ್ತದೆ ಅನ್ನುವ ವಿವರಣೆ ಅಷ್ಟು ಸರಳವಾಗಿ ಹೊಂದುವುದಿಲ್ಲ. 2014ರ ಒಂದು ಸಣ್ಣ ಪ್ರಯೋಗದಲ್ಲಿ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬಂದವರು ಐಸ್ ಕಡಿದ ಮೇಲೆ ಚುರುಕಾಗಿ ಪ್ರತಿಕ್ರಿಯಿಸಿದ್ದು ಕಂಡಿತ್ತು, ಉಳಿದವರಲ್ಲಿ ಆ ವ್ಯತ್ಯಾಸ ಇರಲಿಲ್ಲ. ಅದನ್ನು ಓದಿದಾಗ, ಮಧ್ಯಾಹ್ನ ಮೂರು ಗಂಟೆಗೆ ಕಣ್ಣು ಎಳೆಯುವಾಗ ನಾನು ಫ್ರಿಜ್ ಕಡೆ ಹೋಗುತ್ತಿದ್ದದ್ದು ನೆನಪಾಗಿ ಕಣ್ಣು ತುಂಬಿ ಬಂತು.

ಹೆಜ್ಜೆ 5: ಕಬ್ಬಿಣ ಕಡಿಮೆ ಅಂತ ಬಂದರೆ

ವರದಿ ನೋಡದೆ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಥಲಸ್ಸೀಮಿಯಾ ಎಂಬ ವಂಶವಾಹಿ ರಕ್ತದ ಕಾಯಿಲೆಯ ವಾಹಕರಲ್ಲೂ ರಕ್ತಕಣ ಚಿಕ್ಕದಾಗಿ ಕಾಣುತ್ತದೆ, ಅವರಲ್ಲಿ ಕಬ್ಬಿಣ ಸಾಕಷ್ಟು ಇರಬಹುದು, ಬೇಡದ ಕಬ್ಬಿಣ ಅಂಗಗಳಲ್ಲಿ ಕೂತು ತೊಂದರೆ ಕೊಡುತ್ತದೆ.

ಮಾತ್ರೆ ಬರೆದುಕೊಟ್ಟರೆ ಖಾಲಿ ಹೊಟ್ಟೆಯಲ್ಲಿ, ನಿಂಬೆಯಂಥ ಹುಳಿ ಹಣ್ಣಿನ ರಸದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹೀರುತ್ತದೆ. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ, ಅಸಿಡಿಟಿ ಮಾತ್ರೆ ಇವುಗಳಿಂದ ಒಂದೆರಡು ಗಂಟೆ ದೂರ ಇಡಿ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ, ಮಲಬದ್ಧತೆ ಆದರೆ ನಿಲ್ಲಿಸಿಬಿಡಬೇಡಿ, ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ ಅಂತ ವೈದ್ಯರನ್ನು ಕೇಳಿ. ಒಂದು ಮಾತ್ರೆ ತಿಂದಾಗ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಸುಮಾರು ಒಂದು ದಿನ ಕಬ್ಬಿಣಕ್ಕೆ ಅಡ್ಡ ನಿಲ್ಲುತ್ತದೆ, ಹಾಗಾಗಿ ದಿನ ಬಿಟ್ಟು ತಿಂದರೂ ಪ್ರತಿ ಮಾತ್ರೆಯಿಂದ ಹೀರುವ ಪಾಲು ಜಾಸ್ತಿಯೇ ಇರುತ್ತದೆ. ಮಾತ್ರೆ ಸಹಿಸಲಾಗದವರಿಗೆ, ಹೀರುವುದೇ ಕಷ್ಟ ಆದವರಿಗೆ ರಕ್ತನಾಳದ ಮೂಲಕ ಕೊಡುತ್ತಾರೆ.

ಐಸ್ ಆಸೆ ಎಷ್ಟೋ ಜನರಲ್ಲಿ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಇಳಿಯುತ್ತದೆ, ಹಿಮೋಗ್ಲೋಬಿನ್ ಪೂರ್ತಿ ಏರುವ ಮುಂಚೆಯೇ. ಇಲ್ಲೇ ಎಡವುವುದು. ಆಸೆ ಹೋಯಿತು, ಸುಸ್ತೂ ಕಡಿಮೆಯಾಯಿತು ಅಂತ ಮಾತ್ರೆ ಬಿಟ್ಟರೆ ಪೆಟ್ಟಿಗೆ ಇನ್ನೂ ಖಾಲಿಯೇ ಇರುತ್ತದೆ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ.

ಕಬ್ಬಿಣ ಎಲ್ಲಿಗೆ ಹೋಯಿತು ಅಂತಲೂ ಕೇಳಿ. ಜಾಸ್ತಿ ಮುಟ್ಟು ಹೋಗುವುದು, ಹೊಟ್ಟೆಹುಣ್ಣು, ಮೂಲವ್ಯಾಧಿ, ಕೊಕ್ಕೆಹುಳ, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ, ದಿನಾ ನೋವಿನ ಮಾತ್ರೆ ನುಂಗುವುದು, ಹೊಟ್ಟೆಯ ಶಸ್ತ್ರಚಿಕಿತ್ಸೆ, ಇವೆಲ್ಲ ಕಾರಣಗಳು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಇಳಿದಿದ್ದರೆ ಹೊಟ್ಟೆ ಅಥವಾ ಕರುಳಿನಲ್ಲಿ ಎಲ್ಲೋ ರಕ್ತ ಸೋರುತ್ತಿದೆಯಾ ಅಂತ ನೋಡಿಸಲೇಬೇಕು, ಕ್ಯಾನ್ಸರ್ ಮೊದಲು ಹೀಗೆಯೇ ಕಾಣಿಸಿಕೊಳ್ಳುವುದುಂಟು.

ಮತ್ತೊಂದು. ಮಕ್ಕಳ ಕೈಗೆ ಈ ಮಾತ್ರೆ ಸಿಗಬಾರದು. ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗು ಇರುವ ಮನೆಯಲ್ಲಿ ಬಣ್ಣದ ಕಬ್ಬಿಣದ ಮಾತ್ರೆಯೇ ದೊಡ್ಡ ಅಪಾಯ, ಜಾಸ್ತಿ ನುಂಗಿದರೆ ಜೀವಕ್ಕೇ ಕುತ್ತು.

ಹೆಜ್ಜೆ 6: ಬಸುರಿಯಾಗಿದ್ದರೆ

ಬಯಕೆ ತೀರಿಸಬೇಕು ಅನ್ನುತ್ತಾರೆ, ನಿಜ. ಆದರೆ ಮಣ್ಣು, ಇದ್ದಿಲು, ಬಳಪದ ಬಯಕೆಯನ್ನು ಬೇರೆ ಬಯಕೆಗಳ ಜೊತೆ ಸೇರಿಸಿ ನಗುತ್ತಾ ಬಿಟ್ಟುಬಿಡಬೇಡಿ. ಮಗು ಬೆಳೆಯಲು ಕಬ್ಬಿಣ ಜಾಸ್ತಿ ಬೇಕಾಗುವ ಕಾಲ ಅದು, ಹಾಗಾಗಿ ಈ ಆಸೆ ಮೊದಲ ಸೂಚನೆಯಾಗಿರಬಹುದು. ಸೀಸ ಮಾಸು ದಾಟಿ ಮಗುವಿಗೆ ಹೋಗುತ್ತದೆ. ಮುಂದಿನ ತಪಾಸಣೆಯವರೆಗೆ ಕಾಯದೆ ಈ ವಾರವೇ ಹೇಳಿ. ಹೆರಿಗೆಯಾದ ಮೇಲೆ ಆಸೆ ತಾನಾಗಿ ಹೋಗುವುದು ಸಾಮಾನ್ಯ, ಆದರೆ ಅಷ್ಟು ದಿನ ಹೊಟ್ಟೆಗೆ ಹೋದದ್ದು ಹೋದಂತೆಯೇ ಅಲ್ವಾ.

ಹೆಜ್ಜೆ 7: ಮಗು ತಿನ್ನುತ್ತಿದ್ದರೆ

ಮೊದಲು ಮಂಡಿಯೂರಿ ಮಗುವಿನ ಎತ್ತರಕ್ಕೆ ಬನ್ನಿ. ಆ ಎತ್ತರದಿಂದ ಮನೆಯನ್ನು ಒಂದು ಸುತ್ತು ನೋಡಿ. ನಿಂತಾಗ ಕಾಣದ ಬಣ್ಣದ ಚಕ್ಕೆ, ಸೋಫಾದ ಹರಿದ ಸ್ಪಂಜು, ಮಂಚದ ಕೆಳಗಿನ ಗುಂಡುಪಿನ್ನು, ಕುಂಡದ ಮಣ್ಣು ಎಲ್ಲ ಆಗ ಕಾಣುತ್ತವೆ. ಅವನ್ನು ತೆಗೆಯಿರಿ, ಮುಚ್ಚಿ, ಬೀಗ ಹಾಕಿ. ರಿಮೋಟಿನ, ಆಟಿಕೆಯ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ಕೈ ತೊಳೆಸುವುದು, ಉಗುರು ಕತ್ತರಿಸುವುದು ತಪ್ಪಬಾರದು.

ಪರೀಕ್ಷೆಗಳು ದೊಡ್ಡವರಿಗೆ ಹೇಳಿದವೇ, ಸೀಸ ಮತ್ತು ಕಬ್ಬಿಣ ಎರಡೂ ಕಡ್ಡಾಯ ಅಂತ ನನ್ನ ಅಭಿಪ್ರಾಯ. "ಮಣ್ಣು ತಿಂತಾನೆ, ಹುಳ ಇರಬೇಕು" ಅಂತ ಜಂತುಹುಳದ ಔಷಧಿ ಕುಡಿಸಿ ಸುಮ್ಮನಾಗುವವರು ಬಹಳ. ಹುಳ ಇರಬಹುದು, ಆದರೆ ಅದು ಮಣ್ಣು ತಿಂದದ್ದರ ಫಲವೂ ಆಗಿರಬಹುದು.

ಆಟಿಸಂ ಅಥವಾ ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳಲ್ಲಿ ಪೈಕಾ ಹೆಚ್ಚು, ದೊಡ್ಡವರಾದ ಮೇಲೂ ಮುಂದುವರಿಯಬಹುದು. ಅಲ್ಲಿ ರಕ್ತ ಸರಿಯಿದ್ದರೂ ತಿನ್ನುವುದು ನಿಲ್ಲದಿರಬಹುದು. ಆಗ ಕೇಳಬೇಕಾದದ್ದು, ಈ ಕೆಲಸದಿಂದ ಮಗುವಿಗೆ ಏನು ಸಿಗುತ್ತಿದೆ ಅಂತ. ಬಾಯಲ್ಲಿ ಕರುಮುರು ಅನ್ನುವ ಅನುಭವವಾ? ಎಲ್ಲರೂ ಓಡಿ ಬಂದು ನೋಡುವುದಾ? ಕಷ್ಟದ ಪಾಠದಿಂದ ತಪ್ಪಿಸಿಕೊಳ್ಳುವುದಾ? ಮೂರಕ್ಕೂ ದಾರಿ ಬೇರೆ. ಬಾಯಿಯ ಅನುಭವ ಬೇಕಾಗಿದ್ದರೆ ಜಗಿಯಲೆಂದೇ ಮಾಡಿದ ಗಟ್ಟಿ ಆಟಿಕೆ, ಅದೇ ಥರದ ಗರಿಗರಿ ತಿನಿಸು ಮೊದಲೇ ಕೈಗೆ ಕೊಡಿ. ಗಮನ ಬೇಕಾಗಿದ್ದರೆ ಮಣ್ಣು ಬಾಯಿಗೆ ಹೋಗದ ಹೊತ್ತಿನಲ್ಲಿ ಜೊತೆಗೆ ಕೂತು ಆಡಿ. ಪಾಠ ಬೇಡವಾಗಿದ್ದರೆ "ಸಾಕು" ಅಂತ ತೋರಿಸಲು ಒಂದು ಚಿತ್ರದ ಚೀಟಿ ಕೊಡಿ, ಅದನ್ನು ತೋರಿಸಿದಾಗ ನಿಜವಾಗಿಯೂ ಬಿಡುವು ಕೊಡಿ.

ನಡವಳಿಕೆ ಚಿಕಿತ್ಸಕರು ಕಲಿಸುವ ಒಂದು ಕ್ರಮ ನನಗೆ ತುಂಬ ಹಿಡಿಸಿತು. ಅದರಲ್ಲಿ ಬಿಡು ಅಂತ ಹೇಳುವುದೇ ಇಲ್ಲ, ಬದಲಾಯಿಸಿಕೊಳ್ಳುವುದನ್ನು ಕಲಿಸುತ್ತಾರೆ. ಅಪಾಯವಿಲ್ಲದ, ನುಂಗಲಾಗದಷ್ಟು ದೊಡ್ಡ ವಸ್ತುವೊಂದನ್ನು ನೆಲದ ಮೇಲಿಟ್ಟು, ಮಗು ಎತ್ತಿಕೊಂಡ ಕೂಡಲೇ, ಬಾಯಿಗೆ ಹೋಗುವ ಮುಂಚೆಯೇ, ಕೈಚಾಚಿ ಕೇಳುತ್ತಾರೆ. ಕೊಟ್ಟ ಕ್ಷಣವೇ ಅದಕ್ಕೆ ತುಂಬ ಇಷ್ಟದ ತಿನಿಸಿನ ಚೂರು. ದಿನಕ್ಕೆ ಹತ್ತಾರು ಸಲ, ವಾರಗಟ್ಟಲೆ. ನಿಧಾನವಾಗಿ ಮಗು ಬಿದ್ದ ವಸ್ತು ಕಂಡರೆ ಬಾಯಿಗೆ ಒಯ್ಯುವ ಬದಲು ದೊಡ್ಡವರ ಕೈಗೆ ತಂದುಕೊಡುತ್ತದೆ. ಆಟಿಸಂ ಇರುವ ಮಗುವಿಗೆ ಇದನ್ನು ತಜ್ಞರ ಜೊತೆ ಶುರು ಮಾಡಿ, ಯಾಕೆಂದರೆ ಹೊತ್ತು ತಪ್ಪಿ ತಿನಿಸು ಕೊಟ್ಟರೆ, ತಿನಿಸಿಗೋಸ್ಕರವೇ ವಸ್ತು ಹುಡುಕುವುದನ್ನು ಕಲಿಸಿದಂತಾಗುತ್ತದೆ.

ಹೊಡೆಯಬೇಡಿ. ನಾಲಿಗೆಗೆ ಖಾರ ಹಚ್ಚಬೇಡಿ. ಕಿರುಚಿಕೊಂಡು ಓಡಿ ಬಾಯಿಗೆ ಬೆರಳು ಹಾಕಬೇಡಿ, ಗಾಬರಿಯಲ್ಲಿ ಮಗು ಗಬಕ್ಕನೆ ನುಂಗಿಬಿಡುತ್ತದೆ. ಶಿಕ್ಷೆಗೆ ಹೆದರಿದ ಮಗು ತಿನ್ನುವುದನ್ನು ಬಿಡುವುದಿಲ್ಲ, ಮಂಚದ ಹಿಂದೆ ಹೋಗಿ ತಿನ್ನುತ್ತದೆ, ಆಗ ಏನು ತಿಂತು ಅನ್ನೋದೇ ನಿಮಗೆ ಗೊತ್ತಾಗುವುದಿಲ್ಲ.

ಹೆಜ್ಜೆ 8: ರಕ್ತ ಸರಿಯಿದ್ದೂ ಆಸೆ ಹೋಗದಿದ್ದರೆ

ವರದಿ ಚೆನ್ನಾಗಿ ಬಂತು ಅಂದರೆ ಎಲ್ಲ ನಿಮ್ಮ ಕಲ್ಪನೆ ಅಂತ ಅರ್ಥವಲ್ಲ. ಆತಂಕ, ಒಂಟಿತನ, ಗೀಳು, ಚಿಕ್ಕಂದಿನ ನಿರ್ಲಕ್ಷ್ಯ ಇವುಗಳ ಜೊತೆಗೂ ಪೈಕಾ ಬರುತ್ತದೆ. ಕೊರತೆಯಿಂದ ಶುರುವಾದದ್ದು ಅಭ್ಯಾಸವಾಗಿ ಉಳಿದುಬಿಡುವುದೂ ಇದೆ.

ಇಲ್ಲಿ ಮೂರನೇ ಹೆಜ್ಜೆಯ ಹಾಳೆ ಕೆಲಸಕ್ಕೆ ಬರುತ್ತದೆ. ಯಾವ ಹೊತ್ತು, ಯಾವ ಜಾಗ ಅಂತ ಗೊತ್ತಾಗಿದ್ದರೆ ಆ ಹೊತ್ತಿಗೆ ಕೈಗೂ ಬಾಯಿಗೂ ಬೇರೆ ಕೆಲಸ ಸಿದ್ಧ ಇಡಿ. ಆಸೆ ಬಂದಾಗ ಹತ್ತು ನಿಮಿಷ ಮುಂದೂಡಿ, ಆಗಲೂ ಬೇಕೆನಿಸಿದರೆ ಇನ್ನೊಂದು ಹತ್ತು. ಅಲೆ ಬಂದ ಹಾಗೆ ಆಸೆ ಏರುತ್ತದೆ, ಇಳಿಯುತ್ತದೆ. ಮೇಲೆ ಇದ್ದಾಗ ಅದು ಇಳಿಯುತ್ತದೆ ಅಂತ ನಂಬಲು ಕಷ್ಟ, ಆದರೆ ಇಳಿಯುತ್ತದೆ. ಬದಲಿ ವಸ್ತು ಆರಿಸುವಾಗ ರುಚಿಗಿಂತ ಬಾಯಲ್ಲಿ ಆಗುವ ಅನುಭವ ಹೊಂದಬೇಕು: ಕರುಮುರು ಬೇಕಾದವರಿಗೆ ಗಟ್ಟಿ ಹಸಿ ತರಕಾರಿ, ಪುಡಿಪುಡಿ ಬೇಕಾದವರಿಗೆ ಹುರಿದ ಕಾಳಿನ ಪುಡಿ. ಆಸೆಯ ವಸ್ತು ಮನೆಯಲ್ಲಿ ಇಡಬೇಡಿ, ತರಲು ಹತ್ತು ನಿಮಿಷ ನಡೆಯಬೇಕು ಅಂದರೆ ಅರ್ಧ ಸಲ ಹಾಗೇ ತಪ್ಪಿಹೋಗುತ್ತದೆ.

ಇವಿಷ್ಟರಿಂದ ಆಗದಿದ್ದರೆ ಮನಃಶಾಸ್ತ್ರಜ್ಞರ ಸಹಾಯ ಪಡೆಯಿರಿ. ಗೀಳಿನ ಜೊತೆ ಸೇರಿಕೊಂಡಿದ್ದರೆ ಮನೋವೈದ್ಯರು ಔಷಧಿಯನ್ನೂ ಕೊಡಬಹುದು. ಕೂದಲು ಕಿತ್ತು ತಿನ್ನುವವರು ಮಾತ್ರ ಇದನ್ನು ಒಂದು ದಿನವೂ ಮುಂದೂಡಬಾರದು. ಕೂದಲು ಜೀರ್ಣವಾಗುವುದಿಲ್ಲ. ಹೊಟ್ಟೆಯಲ್ಲಿ ಉಂಡೆ ಕಟ್ಟುತ್ತದೆ, ಅದರ ಬಾಲ ಸಣ್ಣ ಕರುಳಿಗೂ ಇಳಿದಾಗ, ಕಥೆಯ ಉದ್ದ ಕೂದಲಿನ ಹುಡುಗಿಯ ಹೆಸರಿನಲ್ಲಿ, ರಪುಂಜೆಲ್ ಸಿಂಡ್ರೋಮ್ ಅನ್ನುತ್ತಾರೆ, 1968ರಲ್ಲಿ ವೈದ್ಯಕೀಯ ಬರಹದಲ್ಲಿ ಮೊದಲು ಬಂದ ಹೆಸರು ಅದು. ಅಷ್ಟಾದ ಮೇಲೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಗತಿ.

ಮನೆಯವರಿಗೆ ಒಂದು ಮಾತು

ದಿಂಬಿನ ಕೆಳಗೆ ಬಳಪದ ಚೂರು ಸಿಕ್ಕಿತಾ? ಎಲ್ಲರೆದುರು ಎತ್ತಿ ತೋರಿಸಬೇಡಿ. ಒಬ್ಬರೇ ಇದ್ದಾಗ ಪಕ್ಕದಲ್ಲಿ ಕೂತು, "ಇದು ಎಷ್ಟೋ ಜನಕ್ಕೆ ಆಗುತ್ತಂತೆ, ಕಬ್ಬಿಣ ಕಮ್ಮಿ ಇದ್ದರೆ ಹೀಗೆ ಆಗುತ್ತಂತೆ, ಪರೀಕ್ಷೆ ಮಾಡಿಸೋಣ, ನಾನೂ ಜೊತೆಗೆ ಬರ್ತೀನಿ" ಅನ್ನಿ. ಇಷ್ಟು ಸಾಕು. ನನಗೆ ಯಾರಾದರೂ ಇಷ್ಟು ಹೇಳಿದ್ದರೆ ನಾನು ಅವತ್ತೇ ಹೊರಡುತ್ತಿದ್ದೆ.

ಆಸೆ ವಾಪಸ್ ಬಂದರೆ

ಬರಬಹುದು. ನನಗೆ ಮೂರು ವರ್ಷದ ನಂತರ ಬಂತು. ಒಂದು ದಿನ ಗ್ಲಾಸಿನ ನೀರು ಕುಡಿದು ಮುಗಿಸಿ, ತಳದಲ್ಲಿದ್ದ ಐಸ್ ತುಂಡನ್ನು ಕಡಿಯುತ್ತಾ ಇನ್ನೊಂದು ಬೇಕು ಅನ್ನಿಸಿದ್ದು ಗಮನಕ್ಕೆ ಬಂತು. ಈ ಸಲ ಬಚ್ಚಿಡಲಿಲ್ಲ, ಮರುದಿನ ಬೆಳಗ್ಗೆಯೇ ರಕ್ತ ಕೊಟ್ಟು ಬಂದೆ. ಫೆರಿಟಿನ್ 11 ಇತ್ತು, ಹಿಮೋಗ್ಲೋಬಿನ್ ಇನ್ನೂ ಇಳಿದಿರಲಿಲ್ಲ. ಈಗ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ, ಫೆರಿಟಿನ್ ಸಂಖ್ಯೆಯನ್ನು ತಾರೀಖಿನ ಜೊತೆ ಆ ಹಳೆಯ ಪುಸ್ತಕದ ಕೊನೆಯ ಹಾಳೆಯಲ್ಲೇ ಬರೆದಿಡುತ್ತೇನೆ.